ಕೆಂಡ ಇದೆಯೇನೇ?

ಒಲೆಯ ಬೂದಿ ಕೆದಕುವ ಸದ್ದು ಕೇಳಿ ಅವಳು ಗಡಬಡಿಸಿ ಎದ್ದು ಕೂತಳು. ಎಚ್ಚರವಾದದ್ದು ಎಂದಿನ ಹೊತ್ತಿಗೇ, ಕೋಳಿ ಇನ್ನೂ ಕೂಗಿರಲಿಲ್ಲ. ಆದರೆ ಹೊಸ ಸೊಸೆ ಅವಳಿಗಿಂತ ಮೊದಲೇ ಎದ್ದು ಅಡಿಗೆಮನೆ ಸೇರಿಬಿಟ್ಟಿದ್ದಳು. ಹೊಸ ಹುರುಪು, ಕೇಳಬೇಕೆ!

ಆ ಹುಡುಗಿಗೆ ಒಲೆ ಒಪ್ಪಿಸಿದ್ದು ಹಿಂದಿನ ಸಂಜೆಯಷ್ಟೇ. ಊಟವಾದ ಮೇಲೆ ಅವಳ ಅತ್ತೆ ಗೋಡೆ ಹಿಡಿದುಕೊಂಡು ಬಂದು, ಕೆಂಡಗಳನ್ನು ಒತ್ತಾಗಿ ಸೇರಿಸಿ ಮೇಲೆ ಬೂದಿ ಮುಚ್ಚುವುದನ್ನು ಮೊಮ್ಮಗನ ಹೆಂಡತಿಗೆ ತೋರಿಸಿಕೊಟ್ಟಿದ್ದರು. "ನಮ್ಮತ್ತೆ ಕಾಲದಿಂದ ಈ ಒಲೆ ಆರಿಲ್ಲ ಕಣಮ್ಮಾ. ಕಡ್ಡಿ ಗೀರಿ ಹಚ್ಚೋ ಮನೆ ಅಲ್ಲ ಇದು. ಬೆಳಗ್ಗೆ ಬೂದಿ ಸರಿಸಿ ಊದಿದ್ರೆ ಸಾಕು, ಉರಿ ಬರುತ್ತೆ" ಎಂದು ಎದೆಯುಬ್ಬಿಸಿ ಹೇಳಿದ್ದರು. ಪಕ್ಕದಲ್ಲೇ ಇದ್ದ ಅವಳು ಒರೆಸಿದ ಪಾತ್ರೆಯನ್ನೇ ಮತ್ತೆ ಒರೆಸಿದಳು.

ಏನೆಂದು ಅಂದಾಳು? ಆ ಒಲೆ ಅವಳ ಕೈಗೆ ಬಂದ ಮೊದಲ ವಾರವೇ ಆರಿತ್ತು. ಸೌದೆ ಹಸಿಯಾಗಿದ್ದರೆ ಆರುತ್ತಿತ್ತು, ಬೂದಿ ಕಡಿಮೆ ಬಿದ್ದರೆ ಆರುತ್ತಿತ್ತು, ಕೆಲವು ದಿನ ಸುಮ್ಮನೆ ಅವಳ ಹೊಟ್ಟೆ ಉರಿಸಲೆಂದೇ ಆರುತ್ತಿತ್ತು. ಅದಕ್ಕೆಂದೇ ಹಿಟ್ಟಿನ ಡಬ್ಬದ ತಳದಲ್ಲಿ ಒಂದು ಬೆಂಕಿಪೊಟ್ಟಣ ಅಡಗಿಸಿಟ್ಟಿದ್ದಳು. ಕತ್ತಲಿರುವಾಗಲೇ ಎದ್ದು, ಬಾಗಿಲು ಮುಂದೆ ಮಾಡಿ, ಕಡ್ಡಿ ಗೀರಿ, ಅದರ ವಾಸನೆ ಹೋಗಲೆಂದು ಮಸಿಬಟ್ಟೆ ಬೀಸಬೇಕು. ಪಕ್ಕದ ಕೋಣೆಯಿಂದ "ಕೆಂಡ ಇದೆಯೇನೇ?" ಎಂದು ಅತ್ತೆಯ ದನಿ ಬರುವ ಹೊತ್ತಿಗೆ ಉರಿ ಎದ್ದಿರಬೇಕು. "ಇದೆ ಅತ್ತೆ" ಅನ್ನಬೇಕು. ಕೊಟ್ಟಿಗೆ ಕೆಲಸ, ಹಾಲು, ಗಂಜಿ, ಹೊಲಕ್ಕೆ ಬುತ್ತಿ, ಎಲ್ಲ ಆಮೇಲಿನ ಮಾತು. ಮದುವೆಯಾದಂದಿನಿಂದ ಅವಳು ಕಣ್ತುಂಬ ನಿದ್ದೆ ಮಾಡಿದ್ದೇ ಇಲ್ಲ. ಬಾಣಂತನದಲ್ಲೂ ಒಂದು ಕಿವಿ ಒಲೆಯ ಕಡೆಗೇ ಇರುತ್ತಿತ್ತು. ಸಾಕುಸಾಕಾಗಿ ಹೋಗಿತ್ತು.

ನಾಳೆಯೊಂದು ದಿನ ಹುಡುಗಿಗಿಂತ ಮೊದಲೇ ಎದ್ದು ಉರಿ ಮಾಡಿಟ್ಟುಬಿಡೋಣ, ಪಾಪ, ಮೊದಲ ದಿನವೇ ಅದು ಬೈಸಿಕೊಳ್ಳುವುದು ಬೇಡ ಎಂದುಕೊಂಡು ಮಲಗಿದ್ದಳು. ತನ್ನ ಭಯವೂ ಇತ್ತು. ಒಲೆಯ ಗುಟ್ಟು ರಟ್ಟಾದರೆ ಇಷ್ಟು ವರ್ಷ ಉಳಿಸಿಕೊಂಡು ಬಂದ ಮಾನ ಮೂರು ಕಾಸಿಗೆ ಹರಾಜು.

ಅವಳು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. ಹುಡುಗಿ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಊದುಗೊಳವೆ ಕಾಲ ಬಳಿ ಬಿದ್ದಿತ್ತು, ಮೂಗು ಹುಬ್ಬೆಲ್ಲ ಬೂದಿ. ಒಲೆಯಲ್ಲಿ ಹುಡುಕಿದರೂ ಒಂದು ಕಿಡಿ ಇರಲಿಲ್ಲ. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಕೆಮ್ಮು, ಅದರ ಹಿಂದೆಯೇ ದನಿ.

"ಕೆಂಡ ಇದೆಯೇನಮ್ಮಾ?"

ಇದೆ ಅನ್ನು ಎಂದು ಅವಳು ಬಾಗಿಲಿನಿಂದಲೇ ಕೈಸನ್ನೆ ಮಾಡಿದಳು. ಹುಡುಗಿ ಇತ್ತ ತಿರುಗಲೇ ಇಲ್ಲ.

"ಇಲ್ಲ ಅಜ್ಜಿ, ಆರಿ ತಣ್ಣಗಾಗಿದೆ! ನೀವೇನೂ ಯೋಚ್ನೆ ಮಾಡ್ಬೇಡಿ. ಗಂಜಿಗೆ ಹಿಟ್ಟು ತೆಗೆಯೋಕೆ ಹೋದ್ರೆ ಡಬ್ಬದ ತಳದಲ್ಲಿ ಬೆಂಕಿಪೊಟ್ಟಣ ಸಿಕ್ತು. ಈಗ ಹಚ್ಚಿಬಿಡ್ತೀನಿ."

ಕಡ್ಡಿ ಗೀರಿದ ಸದ್ದಾಯಿತು. ಕೋಣೆಯಲ್ಲಿ ಮಂಚ ಕಿರುಗುಟ್ಟಿತು. ಗೋಡೆ ಸವರುತ್ತ ಬಂದ ಅತ್ತೆ ಹೊಸ್ತಿಲಲ್ಲಿ ನಿಂತು ಹತ್ತಿಕೊಳ್ಳುತ್ತಿದ್ದ ಉರಿ ನೋಡಿದರು, ಹುಡುಗಿಯ ಕೈಯಲ್ಲಿದ್ದ ಹಿಟ್ಟು ಮೆತ್ತಿದ ಪೊಟ್ಟಣ ನೋಡಿದರು, ಕೊನೆಗೆ ತಲೆ ತಗ್ಗಿಸಿ ನಿಂತ ತಮ್ಮ ಸೊಸೆಯನ್ನು ನೋಡಿದರು.

"ಹಿಟ್ಟಿನ ಡಬ್ಬದಲ್ಲಿ ಇಡ್ತಿದ್ಯಾ?"

ಅವಳು ಹೌದೆಂದು ತಲೆಯಾಡಿಸಿದಳು.

"ನಾನು ಸೌದೆ ಸಂದೀಲಿ ಇಡ್ತಿದ್ದೆ." ಅತ್ತೆ ಉಸ್ಸಪ್ಪಾ ಎಂದು ಮಣೆಯ ಮೇಲೆ ಕೂತರು. "ನಮ್ಮತ್ತೆಗೆ ಬಗ್ಗಿ ನೋಡೋಕೆ ಆಗ್ತಿರ್ಲಿಲ್ಲ."

ಹುಡುಗಿ ಕಿಸಕ್ಕನೆ ನಕ್ಕಳು. ಅವಳಿಗೆ ನಗು ಬರಲಿಲ್ಲ. ಸಿಟ್ಟು ಬಂತು, ಆದರೆ ಸಿಟ್ಟು ಮಾಡುವಷ್ಟೂ ತ್ರಾಣ ಮೈಯಲ್ಲಿ ಇರಲಿಲ್ಲ. ಬಾಗಿಲಿಗೆ ಒರಗಿಕೊಂಡಳು.

"ಎಲ್ಲಾ ಗೊತ್ತಿದ್ದೂ ದಿನಾ ಬೆಳಗ್ಗೆ ಯಾಕತ್ತೆ ಕೇಳ್ತಿದ್ರಿ?"

ಅತ್ತೆ ಒಂದು ಸೌದೆಯನ್ನು ಒಲೆಯೊಳಕ್ಕೆ ತಳ್ಳಿದರು.

"ನನ್ನನ್ನೂ ಕೇಳ್ತಿದ್ರಲ್ಲೇ."

ಅವಳು ಹುಡುಗಿಯ ಕೈಯಿಂದ ಬೆಂಕಿಪೊಟ್ಟಣ ತೆಗೆದುಕೊಂಡು, ಹಿಟ್ಟು ಒರೆಸಿ, ಒಲೆಯ ಮೇಲಿನ ಗೂಡಿನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಳು. "ಇನ್ಮೇಲೆ ಇದು ಇಲ್ಲೇ ಇರುತ್ತೆ. ಬೆಳಕು ಹರಿದ್ಮೇಲೆ ಯಾರು ಏಳ್ತಾರೋ ಅವ್ರು ಹಚ್ಲಿ. ನಾನು ಮಲಗ್ತೀನಿ" ಎಂದಳು.

ಹೋಗಿ ಕಂಬಳಿಯನ್ನು ತಲೆತುಂಬ ಹೊದ್ದುಕೊಂಡಳು. ಹೊರಗೆ ಕೋಳಿ ಕೂಗಿತು. ಕೊಟ್ಟಿಗೆಯಲ್ಲಿ ಹಸು ಕರೆಯಿತು. ಅಡಿಗೆಮನೆಯಲ್ಲಿ ಹುಡುಗಿ ಯಾವುದೋ ಮುಚ್ಚಳ ಬೀಳಿಸಿದಳು. ಆ ಮಗ್ಗುಲಿಗೆ ಹೊರಳಿ ಈ ಮಗ್ಗುಲಿಗೆ ಹೊರಳಿದರೂ ಕಣ್ಣು ಹತ್ತಲಿಲ್ಲ. ಆ ಹೊತ್ತಿನಲ್ಲಿ ಮಲಗುವುದು ಹೇಗೆಂಬುದೇ ಅವಳಿಗೆ ಮರೆತುಹೋಗಿತ್ತು.

ಮಂಚಕ್ಕೆ ಮರಳಿದ್ದ ಅತ್ತೆಯ ದನಿ ಗೋಡೆಯಾಚೆಯಿಂದ ಕೇಳಿತು.

"ನಿದ್ದೆ ಬಂತೇನೇ?"

ಅವಳು ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡೇ ಹೇಳಿದಳು:

"ಬಂತು ಅತ್ತೆ."