ಹೊಸ್ತಿಲ ಮುಂದಿನ ಇನ್ನೂರು ಜೋಡು

ಜಾಲತಾಣಕ್ಕೆ ಯಾರೇ ಬಂದರೂ ಅವರ ಕಾಲಿನ ಚಪ್ಪಲಿ ತಾಣ ನಡೆಸುವವರ ಮನೆ ಬಾಗಿಲ ಮುಂದೆ ಬಂದು ಬೀಳುತ್ತಿತ್ತು. ಓದಿ ಮುಗಿಸಿದರೆ ವಾಪಸು ಹೋಗುತ್ತಿತ್ತು. ಎಲ್ಲರ ಮನೆಯಲ್ಲೂ ಹಾಗೇ. ರಾಣೆಬೆನ್ನೂರಿನ ನೀಲಗಂಗಾ ಕೌದಿ ಹೊಲಿಗೆ ಕಲಿಸುವ ತನ್ನ ತಾಣಕ್ಕೆ ಬಂದವರ ಲೆಕ್ಕವನ್ನು ಅಂಗಳ ಗುಡಿಸುವಾಗಲೇ ನೋಡಿಬಿಡುತ್ತಿದ್ದಳು.

"ಇನ್ನೂರ ಜೋಡ ಅದಾವ. ನೀ ನೋಡಿದ್ರ ತಾಣ ಮುಚ್ಚತೀನಿ ಅಂತಿ," ಎಂದ ಗಂಡ ಚನ್ನವೀರ.

"ತಳಕ್ಕ ಒಂಚೂರರ ಧೂಳ ಐತೇನ್ ನೋಡ್ರಿ. ಎಲ್ಲಾ ಒಂದ ಅಳತಿ. ಅವು ಮನಷ್ಯಾರವಲ್ಲ, ತಾಣ ಜಾಲಾಡೋ ಯಂತ್ರದವು."

ಅವಳ ಮಾತು ಮುಗಿಯುವಷ್ಟರಲ್ಲಿ ಇನ್ನೂರೂ ಮಾಯವಾದವು. ಉಳಿದದ್ದು ಅವುಗಳ ನಡುವೆ ಮರೆಯಾಗಿದ್ದ ಒಂದೇ ಜೋಡು, ತಾಣ ಶುರುವಾದಾಗಿನಿಂದ ದಿನವೂ ಬಂದು ಹತ್ತು ನಿಮಿಷ ಇದ್ದು ಹೋಗುವಂಥದ್ದು. ಇಂದು ಅದರ ಬಾರು ಕಿತ್ತಿತ್ತು. ಅದನ್ನು ಕೆಂಪು ನೂಲಿನಲ್ಲಿ ಬಿಗಿದಿದ್ದ ಗಂಟು ನೋಡಿ ನೀಲಗಂಗಾಳ ಪೊರಕೆ ನಿಂತಿತು. ಅಂಥ ಗಂಟು ಹಾಕುವವಳು ಊರಿಗೆ ಒಬ್ಬಳೇ, ನೀಲಗಂಗಾಳಿಗೆ ಕೌದಿ ಕಲಿಸಿದ ನೆಗೆಣ್ಣಿ, ಚನ್ನವೀರನ ಅತ್ತಿಗೆ ಶಿವಲೀಲಾ. ತಾಣದಲ್ಲಿ ತನ್ನ ಹೆಸರೇ ಇಲ್ಲವೆಂದು ಮೂರು ವರ್ಷದಿಂದ ಮಾತು ಬಿಟ್ಟವಳು.

"ತಪ್ಪು ಹುಡುಕಾಕ ಬರತಿರಬೇಕು," ಎಂದ ಚನ್ನವೀರ.

"ಮೂರು ವರ್ಷ ದಿನಾ ಹುಡುಕತಾರೇನ್ರಿ?"

ನೀಲಗಂಗಾ ಮೆಟ್ಟಿಲ ಮೇಲೆ ಕೂತು, ಮೊಬೈಲು ತೆಗೆದು, ತಾಣದ ತಲೆಗೆ ಒಂದು ಸಾಲು ಸೇರಿಸಿದಳು: 'ಕಲಿಸಿದವರು ಶಿವಲೀಲಕ್ಕ.'

ಅರ್ಧ ಗಂಟೆಯಾದರೂ ಚಪ್ಪಲಿ ಕದಲಲಿಲ್ಲ. ಅವಳು ಸೂಜಿ ತಂದು ಬಾರು ಹೊಲಿಯತೊಡಗಿದಳು.

"ಮೂರನೇ ಹೊಲಿಗಿ ಸೊಟ್ಟ ಬಿತ್ತು, ಬಿಚ್ಚು," ಎಂದಿತು ಎದುರಿನಿಂದ ಒಂದು ದನಿ.

ತಲೆ ಎತ್ತಿ ನೋಡಿದರೆ, ಅಂಗಳದಲ್ಲಿ ಶಿವಲೀಲಾ ಬರಿಗಾಲಲ್ಲಿ ನಿಂತಿದ್ದಳು.