ಬದರಿನಾಥರ ಎಳೆ ಮೂಳೆ

"ನೋಡ್ದ್ಯೇನೇ ವಿಮಲಾ, ನನ್ನ ಮೂಳೆ ಇನ್ನೂ ಎಳೇದು ಕಣೇ!" ಜಯನಗರದ ಕ್ಲಿನಿಕ್ಕಿನಲ್ಲಿ ರಕ್ತಪರೀಕ್ಷೆಯ ವರದಿ ಕೈಗೆ ಬಂದದ್ದೇ ತಡ, ಎಪ್ಪತ್ತು ದಾಟಿದ ಬದರಿನಾಥರು ಕುರ್ಚಿ ಬಿಟ್ಟೆದ್ದು ಒಂಟಿ ಕಾಲಲ್ಲಿ ಕುಪ್ಪಳಿಸಿದರು.

ಹೆಂಡತಿ ವಿಮಲಾ ಮುಖ ಊದಿಸಿಕೊಂಡು ಕುಳಿತಿದ್ದರು. ರಾಜ್ಯೋತ್ಸವಕ್ಕೆ ಪಾರ್ಕಿನ ಹಿರಿಯರದ್ದು ಕೋಲಾಟ. ಎಲ್ಲರಿಗೂ ಹೆಜ್ಜೆ ಕಲಿಸಿದ್ದೇ ವಿಮಲಾ. ಗಂಡನಿಗೆ ಎಡಗಾಲು ಯಾವುದು, ಬಲಗಾಲು ಯಾವುದು ಎಂದು ತಿಳಿದದ್ದೂ ಅವರಿಂದಲೇ. ಆದರೆ ಮಗಳು ಶರ್ವಾಣಿ ಹಟ ಹಿಡಿದಿದ್ದಳು: ಮೂಳೆ ಗಟ್ಟಿ ಇದ್ದವರು ವೇದಿಕೆ ಹತ್ತಲಿ, ಇಲ್ಲದವರು ಕೆಳಗೆ ಕೂತು ಚಪ್ಪಾಳೆ ತಟ್ಟಲಿ. ಅದಕ್ಕೇ ಇಬ್ಬರಿಗೂ ಈ ಪರೀಕ್ಷೆ.

ಡಾಕ್ಟರ್ ಸುಶ್ರುತ ಎರಡೂ ವರದಿಗಳನ್ನು ಅಕ್ಕಪಕ್ಕ ಇಟ್ಟುಕೊಂಡರು. "ಮೂಳೆ ಅಂದ್ರೆ ಬರೀ ಸುಣ್ಣ ಅಲ್ಲ ಆಂಟಿ. ಒಳಗೆ ಕೊಲಾಜನ್ ಅನ್ನೋ ನಾರಿದೆ. ಹಳೇದು ಕರಗ್ತಾ, ಹೊಸದು ಹುಟ್ತಾ ಇರುತ್ತೆ. ವಯಸ್ಸಾದ್ಮೇಲೆ ಕರಗೋದೇ ಜಾಸ್ತಿ. ಅದರ ಚೂರು ರಕ್ತದಲ್ಲಿ ಸಿಗುತ್ತೆ. ನಿಮಗೆ ಸ್ವಲ್ಪ ಜಾಸ್ತಿನೇ ಇದೆ. ಅಂಕಲ್‌ದು ಮಾತ್ರ ಮೂವತ್ತರ ಹುಡುಗನ ಥರ ಇದೆಯಲ್ಲ!"

"ಯೋಗ!" ಎಂದರು ಬದರಿನಾಥರು. ಅವರು ಯೋಗ ಮಾಡಿದ್ದನ್ನು ಕಂಡವರಿಲ್ಲ.

"ಇಬ್ಬರೂ ಖಾಲಿ ಹೊಟ್ಟೇಲೇ ರಕ್ತ ಕೊಟ್ರಿ ತಾನೆ?"

"ನಾನಂತೂ ಒಂದು ಗುಟುಕು ಕಾಫೀನೂ ಕುಡಿದಿರಲಿಲ್ಲ," ಎಂದರು ವಿಮಲಾ. ಬದರಿನಾಥರು ತಲೆಯೆತ್ತಿ ಫ್ಯಾನು ನೋಡತೊಡಗಿದರು.

"ರೀ!"

"ವಾಕಿಂಗ್ ಮುಗಿಸಿ ಬರ್ತಾ ದರ್ಶಿನಿ ಅಡ್ಡ ಬಂತು ಕಣೇ. ಫ್ರೆಂಡ್ಸು ಬಿಡ್ಲಿಲ್ಲ. ಒಂದು ಮಸಾಲೆ ದೋಸೆ ಅಷ್ಟೇ. ಆಮೇಲೆ... ಒಂಚೂರು ಖಾರಾಬಾತು."

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. "ಹೊಟ್ಟೆಗೆ ಬಿದ್ರೆ ಮೂಳೆ ಕರಗೋದು ಸ್ವಲ್ಪ ಹೊತ್ತು ತಗ್ಗುತ್ತೆ ಅಂಕಲ್. ನಿಮ್ಮ ಯೌವನ ಎಲ್ಲಾ ದೋಸೇದು! ನಾಳೆ ಏನೂ ತಿನ್ನದೆ ಮತ್ತೆ ಬನ್ನಿ. ಆಂಟಿ, ನಿಮ್ಮ ವಯಸ್ಸಿಗೆ ಇದೆಲ್ಲಾ ಮಾಮೂಲಿ. ಧಾರಾಳವಾಗಿ ಕೋಲಾಟ ಆಡಿ, ಮೂಳೆಗೂ ಒಳ್ಳೇದು."

ವಿಮಲಾಗೆ ಹಿಗ್ಗೋ ಹಿಗ್ಗು. ಅಲ್ಲೇ ಎರಡು ಹೆಜ್ಜೆ ಹಾಕಿಯೂಬಿಟ್ಟರು. ಬಾಗಿಲ ಬಳಿ ಹೋದವರು ಏನೋ ಹೊಳೆದಂತೆ ನಿಂತರು.

"ಅಲ್ಲ ಡಾಕ್ಟ್ರೇ, ಮದುವೆಯಾದಾಗಿಂದ ಮನೇಲಿ ಎಲ್ಲರದ್ದೂ ಆದ್ಮೇಲೇ ನಾನು ತಿನ್ನೋದು. ಅದು ಯಾವ ಟೆಸ್ಟಲ್ಲಿ ಗೊತ್ತಾಗುತ್ತೆ?"

ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು.

ಮರುದಿನ ಬೆಳಗ್ಗೆ ಬದರಿನಾಥರು ಹಸಿದ ಹೊಟ್ಟೆಯಲ್ಲಿ ತೋಳು ಚಾಚಿ ಕುಳಿತು ಕಿಟಕಿಯಾಚೆ ನೋಡಿದರು. ಎದುರಿನ ದರ್ಶಿನಿಯಲ್ಲಿ ವಿಮಲಾ, ಒಬ್ಬರೇ, ಖಾಲಿ ತಟ್ಟೆಯನ್ನು ಮೇಲೆತ್ತಿ ಎರಡನೆಯ ದೋಸೆಗೆ ಕೂಗು ಹಾಕುತ್ತಿದ್ದರು.