ನಾಲ್ಕನೇ ಹುದ್ದೆ

ಸಂಬಳ ನಾಲ್ಕು, ತಲೆ ಮೂರು. ತಪಾಸಣಾಧಿಕಾರಿಗಳು ಇನ್ನೊಮ್ಮೆ ಎಣಿಸಿದರು: ಲೆಕ್ಕದ ಮೇಡಂ, ಟೈಪಿಸ್ಟ್, ಬಾಗಿಲ ಬಳಿ ಜವಾನ. ಮೂರೇ.

ಹನ್ನೆರಡು ವರ್ಷದಿಂದ ಅವರ ಕೆಲಸ ಸರ್ಕಾರಿ ಕಚೇರಿಗಳ ವಾರ್ಷಿಕ ಹಣಕಾಸು ವರದಿಗಳನ್ನು ಜಾಲಾಡುವುದು. ಮೊಸರಲ್ಲೂ ಕಲ್ಲು ಹುಡುಕುವ ಆಸಾಮಿ. ಬೆನ್ನ ಹಿಂದೆ ಎಲ್ಲರಿಗೂ ಮೊಸರುಗಲ್ಲು ಸಾಹೇಬರು. ಊರವರ ಲೆಕ್ಕ ಓದಿ ಓದಿ ಸಾಕಾಗಿ, ತಮ್ಮ ಸಂಬಳದ ಚೀಟಿಯನ್ನು ಮಾತ್ರ ಮಡಿಕೆ ಬಿಚ್ಚದೆ ಹೆಂಡತಿಯ ಕೈಗಿಡುತ್ತಿದ್ದರು.

ಈ ವರ್ಷ ಒಂದು ಕಲ್ಲೂ ಸಿಕ್ಕಿರಲಿಲ್ಲ. ಇಂದು ಸಂಜೆಯೊಳಗೆ ಸಿಗದಿದ್ದರೆ ಬಡ್ತಿ ಕೈತಪ್ಪಿ, ಅದೇ ಇಲಾಖೆಯಲ್ಲಿರುವ ಷಡ್ಡಕನ ಕೈಕೆಳಗೆ ದುಡಿಯಬೇಕು. ಅಷ್ಟರಲ್ಲಿ ತೂಕ ಮತ್ತು ಅಳತೆಯ ಈ ಪುಟ್ಟ ಕಚೇರಿಯ ವರದಿಯಲ್ಲಿ, ಕೊನೆಯ ಪಟ್ಟಿಯಲ್ಲಿ, ನಾಲ್ಕು ಹುದ್ದೆಗಳು ಕಂಡವು.

“ನಾಲ್ಕನೆಯವನು ಎಲ್ಲಿ?”

ಮೇಡಂ ಸಾಹೇಬರನ್ನೇ ವಿಚಿತ್ರವಾಗಿ ನೋಡಿದರು. “ಹೊರಗಡೆ ಕೆಲಸ, ಸಾರ್.”

“ಇಲ್ಲಿಗೆ ಬರೋದೇ ಇಲ್ವಾ?”

“ಹನ್ನೆರಡು ವರ್ಷದಲ್ಲಿ ಒಂದೇ ಸಲ.”

ಟೈಪಿಸ್ಟ್ ತಲೆ ತಗ್ಗಿಸಿದ. ಜವಾನ ಕೆಮ್ಮಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜನ ಎಂದು ಸಾಹೇಬರಿಗೆ ಖಾತ್ರಿಯಾಯಿತು.

“ಅವರ ಹೆಸರು...” ಎಂದು ಮೇಡಂ ಬಾಯಿ ತೆರೆದರು.

“ಹೆಸರು ಬೇಡ. ಹೆಸರು ಕೇಳಿದ್ರೆ ಕನಿಕರ ಹುಟ್ಟುತ್ತೆ. ಹುದ್ದೆ ಸಂಖ್ಯೆ ಸಾಕು.” ಇದು ಅವರ ಹಳೆಯ ಪದ್ಧತಿ. ಇದರ ಮೇಲೆ ಎರಡು ತಾಸು ಭಾಷಣವನ್ನೂ ಮಾಡಿದ್ದರು, ಕೇಳುವವರು ನಿದ್ದೆ ಹೋಗಿದ್ದರು.

ಕಂಪ್ಯೂಟರ್ ಮುಂದೆ ಕೂತು ಆದೇಶ ಬಡಿದರು: ನಾಲ್ಕನೇ ಹುದ್ದೆಯವರ ಸೇವೆ ರದ್ದು, ಹನ್ನೆರಡು ವರ್ಷದ ಸಂಬಳ ಬಡ್ಡಿ ಸಮೇತ ವಸೂಲಿ. ಗುಂಡಿ ಒತ್ತಿದರೆ ಮುಗಿಯಿತು, ಮೇಲ್ಮನವಿಗೂ ಜಾಗವಿಲ್ಲ. ಆ ನಿಯಮ ಬರೆದವರೂ ಅವರೇ.

“ಸಾರ್, ನಿಜವಾಗ್ಲೂ ಒತ್ತುತ್ತೀರಾ?” ಮೇಡಂ ಎದ್ದು ನಿಂತರು. “ಹೆಂಡ್ತಿ ಮಕ್ಕಳಿರೋ ಸಂಸಾರ.”

“ಕಳ್ಳರಿಗೂ ಹೆಂಡ್ತಿ ಮಕ್ಕಳು ಇರ್ತಾರಮ್ಮ.” ಒತ್ತಿದರು.

ಮೇಡಂ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. “ನಿಮ್ಮಷ್ಟು ಪ್ರಾಮಾಣಿಕರನ್ನ ನನ್ನ ಸರ್ವೀಸಲ್ಲೇ ಕಂಡಿಲ್ಲ.” ಜವಾನ ಎದ್ದು ಕೈಮುಗಿದ. ಸಾಹೇಬರ ಎದೆ ಉಬ್ಬಿತು. ಇನ್ನು ಷಡ್ಡಕ ಬಂದು ತಮ್ಮ ಮೇಜಿನ ಮುಂದೆ ನಿಲ್ಲಲಿ, ಕೂರು ಎನ್ನುವುದಿಲ್ಲ.

“ಆ ಮಹಾನುಭಾವನ ಸೇವಾ ಪುಸ್ತಕ ಕೊಡಿ, ಷರಾ ಬರೆದು ಮುಗಿಸ್ತೀನಿ.”

ಮೇಡಂ ಎರಡೂ ಕೈಯಲ್ಲಿ ತಂದುಕೊಟ್ಟರು. ಮೊದಲ ಪುಟದಲ್ಲಿ ಹಳೆಯ ಟಿಪ್ಪಣಿ: ‘ತಪಾಸಣಾ ಇಲಾಖೆಗೆ ಹೊಸ ಹುದ್ದೆ ಮಂಜೂರಾಗಿಲ್ಲ. ಆದ್ದರಿಂದ ಅಲ್ಲಿನ ಒಬ್ಬ ಅಧಿಕಾರಿಯ ಸಂಬಳವನ್ನು ಈ ಕಚೇರಿಯ ಖಾಲಿ ಹುದ್ದೆಯಿಂದ ಕೊಡತಕ್ಕದ್ದು.’

ಪಕ್ಕದಲ್ಲಿ ಅಂಟಿಸಿದ್ದ ಫೋಟೊದಲ್ಲಿ, ತಲೆತುಂಬ ಕೂದಲಿದ್ದ ಕಾಲದ ಮೊಸರುಗಲ್ಲು ಸಾಹೇಬರೇ ನಗುತ್ತಿದ್ದರು.